ಉಪೇಕ್ಷೆ ಮತ್ತು ಸಮಚಿತ್ತ

ಕನ್ನಡದಲ್ಲಿ ಉಪೇಕ್ಷೆಯೆಂದರೆ ಅಲಕ್ಷ್ಯ. ಪಾಲಿಯ 'ಉಪೆಕ್ಖಾ' ಅದೇ ಶಬ್ದವಾದರೂ ಅದರ ಅರ್ಥ ಬೇರೆ: ಮೈತ್ರಿ, ಕರುಣೆ, ಮುದಿತೆಗಳ ಸಾಲಿನಲ್ಲಿ ನಾಲ್ಕನೆಯ ಬ್ರಹ್ಮವಿಹಾರವಾದ ಸಮಚಿತ್ತ. ಅಜ್ಞಾನದಿಂದ ಹುಟ್ಟಿದ ಔದಾಸೀನ್ಯವೇ ಇದರ ಸಮೀಪಶತ್ರುವೆಂದು ಬುದ್ಧಘೋಷನು 'ವಿಸುದ್ಧಿಮಗ್ಗ'ದಲ್ಲಿ ಎಚ್ಚರಿಸಿದ್ದಾನೆ. ಈ ಭೇದವು ಕೇವಲ ನಿಘಂಟಿನ ವಿಷಯವಲ್ಲವೆಂಬುದು ಮಂಗನ ಕಾಯಿಲೆಯ ದಿನಗಳಲ್ಲಿ ನಮ್ಮ ಮಲೆನಾಡಿಗೆ ಮನವರಿಕೆಯಾಗುತ್ತದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಗೆ ಬಂದ ಈ ಜ್ವರವು 2024ರಲ್ಲಿ ಶಿವಮೊಗ್ಗ, ಉತ್ತರ ಕನ್ನಡಗಳೊಡನೆ ಚಿಕ್ಕಮಗಳೂರು ಜಿಲ್ಲೆಯನ್ನೂ ಕಾಡಿ ಜೀವಗಳನ್ನು ಬಲಿತೆಗೆದುಕೊಂಡಿತು. ಕಾಫಿಯ ಕುಯ್ಲು ನಡೆಯುವ ತಿಂಗಳುಗಳಲ್ಲಿಯೇ ಕಾಡಿನ ಉಣುಗು ಹೆಚ್ಚುತ್ತದೆ. ಸೌದೆಗೆ, ದರಗಿಗೆ ಕಾಡಂಚಿಗೆ ಹೋಗದಿದ್ದರೆ ಬಡವನ ಒಲೆ ಉರಿಯದು. ಅಂಥವನಿಗೆ ಪೇಟೆಯಲ್ಲಿ ಕುಳಿತು 'ಶಾಂತನಾಗಿರು' ಎಂದು ಬೋಧಿಸುವುದು ಕನ್ನಡದ ಉಪೇಕ್ಷೆಯೇ ಹೊರತು ಪಾಲಿಯ ಉಪೆಕ್ಖೆಯಲ್ಲವೆಂದು ನಾನು ಭಾವಿಸುತ್ತೇನೆ.

ಬುದ್ಧನು ಹೇಳಿದ ಎರಡು ಬಾಣಗಳ ದೃಷ್ಟಾಂತವನ್ನು ವಾಚಕರು ಬಲ್ಲರು. ದೇಹದ ನೋವು ಮೊದಲನೆಯ ಬಾಣ. ಅದನ್ನು ಕುರಿತು ಮನಸ್ಸು ಪಡುವ ಗೋಳು ಎರಡನೆಯದು. ಮೊದಲನೆಯದನ್ನು ಜ್ಞಾನಿಯೂ ತಪ್ಪಿಸಲಾರ, ಎರಡನೆಯದು ಅವನಿಗೆ ನಾಟದು. ಮಂಗನ ಕಾಯಿಲೆಯಲ್ಲಿ ಈ ಎರಡನೆಯ ಬಾಣ ಯಾವುದು? ರೋಗಿಯನ್ನು ಮುಟ್ಟಿದರೆ ಅಂಟೀತೆಂಬ ಅಂಜಿಕೆ. ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಉಣುಗಿನ ಕಡಿತದಿಂದ ಬರುತ್ತದೆ. ಮಂಗವೂ ನಮ್ಮಂತೆಯೇ ಅದಕ್ಕೆ ತುತ್ತಾಗುವ ಜೀವಿ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು; ಹಾಸಿಗೆ ಹಿಡಿದ ನೆರೆಯವನಿಗೆ ಗಂಜಿ ಕೊಡಲು ಮಾತ್ರ ಹೆದರಬೇಕಾದುದಿಲ್ಲ. ತಿಳಿವಳಿಕೆ ಬಂದಷ್ಟೂ ದಿಗಿಲು ಅಡಗಿ, ಎಚ್ಚರ ಉಳಿಯುತ್ತದೆ.

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಅತಿಸಾರದಿಂದ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಸಂಗಡಿಗರು ಕೈಬಿಟ್ಟಿದ್ದರು. ಬುದ್ಧನು ಅವನಿಗೆ ಧೈರ್ಯೋಪದೇಶ ಮಾಡಲಿಲ್ಲ. ಆನಂದನಿಂದ ನೀರು ತರಿಸಿ, ಇಬ್ಬರೂ ಅವನ ಮೈ ತೊಳೆದು ಮಂಚದ ಮೇಲೆ ಮಲಗಿಸಿದರು. ರೋಗಿಯ ಶುಶ್ರೂಷೆ ತನ್ನ ಶುಶ್ರೂಷೆಗೆ ಸಮಾನವೆಂದು ಆಮೇಲೆ ಸಂಘಕ್ಕೆ ತಿಳಿಸಿದನು.

ದಶಕಗಳ ಕಾಲ ಬಳಸಿದ ಹಳೆಯ ಲಸಿಕೆಯನ್ನು, ಅದರ ರಕ್ಷಣೆ ಸಾಲದೆಂದು ಈಚಿನ ವರ್ಷಗಳಲ್ಲಿ ಕೈಬಿಡಲಾಯಿತು. ಆದ್ದರಿಂದ ಉಣುಗು ನಿವಾರಕ ಡೇಪಾ ತೈಲವು ಚಳಿಗಾಲಕ್ಕೆ ಮುನ್ನವೇ ಪ್ರತಿಯೊಂದು ಕೂಲಿ ಲೈನನ್ನೂ ಮುಟ್ಟಬೇಕು. ಜ್ವರ ಬಂದವನು ಆ ದಿನವೇ ಆಸ್ಪತ್ರೆಗೆ ಹೋದರೆ ಅವನ ಕೂಲಿಗೆ ಸಂಚಕಾರ ಬರಬಾರದು. ಇವಿಷ್ಟನ್ನು ಮಾಡಿದ ಸಮಾಜವು ಜನರನ್ನು ಶಾಂತರಾಗಿರಿ ಎಂದು ಕೇಳಿಕೊಂಡರೆ, ಆ ಮಾತನ್ನು ಜನ ನಂಬಿಯಾರು.