ದೂತರಿಲ್ಲದ ದ್ರೋಣಿ

ದಶರಥನು ತೀರಿಕೊಂಡಾಗ ನಾಲ್ವರು ಮಕ್ಕಳಲ್ಲಿ ಒಬ್ಬನೂ ಅಯೋಧ್ಯೆಯಲ್ಲಿರಲಿಲ್ಲ. ಪುತ್ರರು ಬಾರದೆ ಸಂಸ್ಕಾರ ಸಲ್ಲದೆಂದು ಅಮಾತ್ಯರು ಅರಸನ ದೇಹವನ್ನು ಎಣ್ಣೆ ತುಂಬಿದ ದ್ರೋಣಿಯಲ್ಲಿರಿಸಿದರೆಂದು ವಾಲ್ಮೀಕಿ ರಾಮಾಯಣ ಹೇಳುತ್ತದೆ. ಈ ಪ್ರಸಂಗವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಅದರ ಮರ್ಮ ಹೊಳೆದುದು ಕಳೆದ ವರ್ಷ, ಆಸ್ಪತ್ರೆಯೊಂದರ ಶವಾಗಾರದಲ್ಲಿ. ಪರದೇಶದಲ್ಲಿದ್ದ ತಮ್ಮ ಬರುವವರೆಗೆ ತಂದೆಯವರ ದೇಹವನ್ನು ಎರಡು ದಿನ ಅಲ್ಲಿ ಇರಿಸಿದ್ದೆವು.

ಶವಾಗಾರದ ಶೈತ್ಯ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಸೆಲ್ಸಿಯಸ್. ಅದು ದೇಹ ಕೆಡುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸಲಾರದು. ಬಹುಕಾಲ ಇರಿಸಬೇಕಾದರೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿನ ಶೈತ್ಯ ಬೇಕು. ವಿಮಾನದಲ್ಲಿ ದೂರಕ್ಕೆ ಸಾಗಿಸುವುದಾದರೆ ಫಾರ್ಮಲಿನ್ ಬೆರೆತ ದ್ರವವನ್ನು ರಕ್ತನಾಳಗಳಲ್ಲಿ ಹಾಯಿಸುತ್ತಾರೆ. ಅಂತೂ ವಿಜ್ಞಾನವು ಗಳಿಸಿಕೊಡುವುದು ಒಂದಿಷ್ಟು ಕಾಲವನ್ನು ಮಾತ್ರ. ಆ ಕಾಲವೆಲ್ಲ ಬರಬೇಕಾದವರಿಗಾಗಿ.

ತಂದೆಯವರ ಪಕ್ಕದ ಖಾನೆಯ ಚೀಟಿಯಲ್ಲಿ 'ಅಪರಿಚಿತ ಗಂಡಸು' ಎಂದಷ್ಟೇ ಬರೆದಿತ್ತು. ಶೈತ್ಯ ಇಬ್ಬರಿಗೂ ಸಮನಾಗಿತ್ತು. ನಮ್ಮ ಮನೆಗೆ ಭರತನು ಬಂದನು. ಆತನಿಗಾಗಿ ಯಾರೂ ಬಂದಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನ ಶವಾಗಾರದಲ್ಲಿ ಇಂಥವರನ್ನು ಗಾಜಿನ ಹಿಂದೆ ಇರಿಸಿ, ಗುರುತು ಹಿಡಿಯಲೆಂದು ಊರಿಗೆಲ್ಲ ತೋರಿಸುತ್ತಿದ್ದರು. ಉದ್ದೇಶ ಒಳ್ಳೆಯದಾಗಿದ್ದರೂ ಜನ ಅದನ್ನು ಜಾತ್ರೆಯಾಗಿಸಿದರು. 1907ರಲ್ಲಿ ಸಾರ್ವಜನಿಕರಿಗೆ ಬಾಗಿಲು ಮುಚ್ಚಬೇಕಾಯಿತು. ಹುಡುಕಾಟಕ್ಕೂ ಮರ್ಯಾದೆ ಬೇಕೆಂಬುದಕ್ಕೆ ಇದೇ ನಿದರ್ಶನ. ಮನೆಯಿಲ್ಲದೆ ಸತ್ತವನಿಗೂ ಗೌರವದ ಅಂತ್ಯಸಂಸ್ಕಾರ ಸಲ್ಲತಕ್ಕುದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಎತ್ತಿಹಿಡಿಯಿತು. ಆದರೆ ಗೌರವವು ಗುಂಡಿ ತೋಡುವಲ್ಲಿಂದ ಪ್ರಾರಂಭವಾಗುವುದಲ್ಲ. ಮಣ್ಣು ಮಾಡುವ ಮುನ್ನ ಆತನ ಚಹರೆ, ಬೆರಳಚ್ಚು, ಮೈಮೇಲಿನ ಮಚ್ಚೆ, ಉಟ್ಟ ಬಟ್ಟೆ ಎಲ್ಲವನ್ನೂ ದಾಖಲಿಸಿ, ಡಿಎನ್ಎ ಮಾದರಿಯನ್ನು ಕಾಪಿಟ್ಟು, ಕಾಣೆಯಾದವರ ಪಟ್ಟಿಗಳೊಡನೆ ತಾಳೆ ನೋಡಬೇಕು. ಎಲ್ಲೋ ಒಬ್ಬ ತಾಯಿ ಇನ್ನೂ ಬಾಗಿಲು ತೆರೆದಿಟ್ಟು ಕುಳಿತಿರಬಹುದು.

ಅಯೋಧ್ಯೆಯವರು ದ್ರೋಣಿಗೆ ಎಣ್ಣೆ ತುಂಬಿ ಸುಮ್ಮನೆ ಕುಳಿತಿರಲಿಲ್ಲ. ವಸಿಷ್ಠರು ಕೇಕಯಕ್ಕೆ ಕುದುರೆಗಳ ಮೇಲೆ ದೂತರನ್ನು ಅಟ್ಟಿದರು. ನಮ್ಮಲ್ಲಿ ಶೈತ್ಯಯಂತ್ರಗಳಿವೆ. ಆ ಅಪರಿಚಿತನ ಮನೆಯತ್ತ ಹೊರಟ ದೂತರೆಲ್ಲಿ?