ಐದರ ತುದಿ ಮೊನಚೋ, ಮೊಂಡೋ?



ಕೆನಡಾದ ಚಿಲ್ಲರೆ ನಾಣ್ಯಗಳ ಬಗೆಗೆ ಈ ಮೇಷ್ಟ್ರಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆ ದೇಶದಲ್ಲಿ ನೆಲೆಸಿದ ಶಿಷ್ಯರು ಊರಿಗೆ ಬಂದಾಗಲೆಲ್ಲ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ನನ್ನ ಕೈಗೆ ಸುರಿದು ಈ ಗೀಳು ಹತ್ತಿಸಿದರು. ಇಂದು ಬರೆಯಲು ಕುಳಿತದ್ದು ಮಾತ್ರ ಜಗಳಕ್ಕೆ. ನಾಣ್ಯ ಕೈಗೆ ಬಂದೊಡನೆ ‘ಇದಕ್ಕೆಷ್ಟು ಸಿಗುತ್ತದೆ?’ ಎಂದು ಕೇಳುವವರೊಡನೆ ನನಗೆ ಜಗಳವಿದೆ. ಆ ಪ್ರಶ್ನೆಯನ್ನೇ ಬಂಡವಾಳ ಮಾಡಿಕೊಂಡು ವೀಡಿಯೊ ಹರಡುವ ಪಂಡಿತರೊಡನೆ ಇನ್ನೂ ದೊಡ್ಡ ಜಗಳವಿದೆ.

ನಡೆದದ್ದು ಇಷ್ಟು. ಅಲ್ಲಿರುವ ನನ್ನ ಶಿಷ್ಯನೊಬ್ಬ ‘ದೊಡ್ಡ ಇಸವಿ’ಯ 1969ರ ಹತ್ತು ಸೆಂಟಿನ ನಾಣ್ಯವೆಂದು ನಂಬಿ, ಒಂದು ತಿಂಗಳ ಮನೆಬಾಡಿಗೆಯಷ್ಟು ಹಣ ಕೊಟ್ಟು ಅದನ್ನು ಕೊಂಡ. ಮೊಬೈಲಿನಲ್ಲಿ ಚಿತ್ರ ಕಳುಹಿಸಿ, “ಮೇಷ್ಟ್ರೇ, ಲಾಟರಿ ಹೊಡೆಯಿತು” ಎಂದ. ನೋಡಿದೆ. ಮಾರಿದವನು ಚಿತ್ರವನ್ನು ಹಿಗ್ಗಿಸಿದ್ದರಿಂದ ಅಂಕಿ ದೊಡ್ಡದಾಗಿ ಕಂಡಿತ್ತು, ಅಷ್ಟೆ. “ಹಡಗನ್ನು ನೋಡಿದೆಯೇನಪ್ಪ?” ಎಂದು ಕೇಳಿದೆ. “ಹಡಗೇಕೆ ಸರ್? ಇಸವಿ ನೋಡಿದೆ” ಎಂದ. ಅವನಿಗೆ ನಿಜ ಹೇಳುವಾಗ, ಫಲಿತಾಂಶದ ದಿನ ಅನುತ್ತೀರ್ಣನಾದ ಹುಡುಗನ ಎದುರು ನಿಂತಂತೆ ನನಗೆ ಸಂಕಟವಾಯಿತು.

ಹಡಗನ್ನು ಏಕೆ ನೋಡಬೇಕು? ಹತ್ತು ಸೆಂಟಿನ ಮೇಲಿರುವ ಹಾಯಿಹಡಗನ್ನು 1969ರಲ್ಲಿ ಚಿಕ್ಕದಾಗಿ ತಿದ್ದಿದರು. ಜೊತೆಗೆ ಇಸವಿಯ ಅಂಕಿಗಳೂ ಚಿಕ್ಕವಾದವು. ಹಳೆಯ ವಿನ್ಯಾಸದಲ್ಲಿಯೇ 1969 ಎಂದು ಮುದ್ರಿತವಾದ ನಾಣ್ಯಗಳು ತೀರ ವಿರಳ. ಆದುದರಿಂದ ನಿಜವಾದ ‘ದೊಡ್ಡ ಇಸವಿ’ಯ ನಾಣ್ಯದಲ್ಲಿ ಹಡಗೂ ದೊಡ್ಡದಿರಲೇಬೇಕು. 1968ರ ಒಂದು ನಾಣ್ಯವನ್ನೂ 1970ರ ಒಂದು ನಾಣ್ಯವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಮೊದಲನೆಯದು ದೊಡ್ಡ ಹಡಗು, ಎರಡನೆಯದು ಚಿಕ್ಕದು. ನಿಮ್ಮ 1969 ಯಾವುದನ್ನು ಹೋಲುತ್ತದೆಂದು ಚಿಕ್ಕ ಮಗುವೂ ಹೇಳಬಲ್ಲುದು. ಅಲ್ಪ ಬೆಲೆಗೆ ಸಿಗುವ ಎರಡು ನಾಣ್ಯಗಳು ಆ ಹುಡುಗನ ಬಾಡಿಗೆ ಹಣವನ್ನು ಉಳಿಸುತ್ತಿದ್ದವು. ಆದರೆ ಯಾವ ವೀಡಿಯೊ ಪಂಡಿತನೂ ಅವನಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಅವರ ವ್ಯಾಪಾರ ನಡೆಯುವುದು ಹೇಗೆ?

ಇನ್ನೊಂದು ಉದಾಹರಣೆ. 1985ರ ಒಂದು ಸೆಂಟಿನಲ್ಲಿ ಐದರ ಅಂಕಿ ಎರಡು ಬಗೆ: ತುದಿ ಮೊಂಡಾದದ್ದು, ತುದಿ ಮೊನಚಾದದ್ದು. ಮೊನಚಾದದ್ದು ಅಪರೂಪ. 1965ರ ಒಂದು ಸೆಂಟಿನಲ್ಲಿ ಐದರ ಮೊನಚು, ಮೊಂಡುಗಳ ಜೊತೆಗೆ ರಾಣಿಯ ಮುಖವಿರುವ ಬದಿಯ ಅಂಚಿನ ಮಣಿಗಳೂ ದೊಡ್ಡವು, ಚಿಕ್ಕವು ಎಂದು ಎರಡು ತೆರ. ಹೀಗೆ ಒಂದೇ ಇಸವಿಯಲ್ಲಿ ನಾಲ್ಕು ಪ್ರಭೇದಗಳು. ದೊಡ್ಡ ಮಣಿ ಮತ್ತು ಮೊನಚು ಐದು ಕೂಡಿದ್ದೇ ಅವುಗಳಲ್ಲಿ ದುರ್ಲಭ. ಇಸವಿಯ ಬದಿಯನ್ನಷ್ಟೇ ನೋಡಿ ತೀರ್ಪು ಕೊಡುವವನು ಅರ್ಧ ಉತ್ತರಪತ್ರಿಕೆ ಓದಿ ಅಂಕ ಹಾಕಿದ ಮೇಷ್ಟ್ರಂತೆ. ತೀರ ಹಳೆಯದೇ ಬೇಕೆಂದಿಲ್ಲ. 2007ರ ಹತ್ತು ಸೆಂಟಿನಲ್ಲಿಯೂ ಏಳರ ಅಂಕಿ ನೇರ ಕಾಲಿನದು, ಬಾಗಿದ ಕಾಲಿನದು ಎಂದು ಎರಡಿದೆ.

ಇಲ್ಲಿ ನೆನಪಿಡಬೇಕಾದ ವಿವೇಕವೊಂದಿದೆ. ಅಚ್ಚಿನಲ್ಲಿ ಹುಟ್ಟಿದ ವ್ಯತ್ಯಾಸ ಬೇರೆ, ಜೇಬಿನಲ್ಲಿ ಹುಟ್ಟಿದ ವ್ಯತ್ಯಾಸ ಬೇರೆ. ಸವೆತದಿಂದ ಮೊನಚಾದ ತುದಿ ಮೊಂಡಾದೀತು. ಮೊಂಡಾದದ್ದು ತಾನಾಗಿ ಮೊನಚಾಗದು. ಪೆಟ್ಟು ತಿಂದು ಹರಡಿದ ಅಂಕಿ ‘ದಪ್ಪ ಇಸವಿ’ಯಲ್ಲ, ಗೀರು ಬಿದ್ದ ಅಂಕಿ ‘ಟಂಕಸಾಲೆಯ ತಪ್ಪು’ ಅಲ್ಲ. ಇಂಥ ಗಾಯಗೊಂಡ ನಾಣ್ಯಗಳಿಗೆ ಸಾವಿರ ಡಾಲರಿನ ಬೆಲೆ ಕಟ್ಟಿ ತೋರಿಸುವುದನ್ನು ನಾನು ಮೋಸವೆಂದೇ ಕರೆಯುತ್ತೇನೆ.

ಬೆಲೆಯ ಕನ್ನಡಕದಿಂದ ಕಾಣದ ಒಂದು ನಾಣ್ಯವನ್ನು ನಿಮಗೆ ತೋರಿಸಬೇಕು. ಆರನೆಯ ಜಾರ್ಜ್ ದೊರೆಯ ಕಾಲದ ಕೆನಡಾ ನಾಣ್ಯಗಳಲ್ಲಿ ಅವನ ಹೆಸರಿನ ಜೊತೆಗೆ ಲ್ಯಾಟಿನ್ನಿನಲ್ಲಿ ‘ಭಾರತದ ಚಕ್ರವರ್ತಿ’ ಎಂಬ ಬಿರುದಿನ ಸಂಕ್ಷೇಪವಿತ್ತು. 1947ರಲ್ಲಿ ನಾವು ಸ್ವತಂತ್ರರಾದೆವು. ಆ ಬಿರುದನ್ನು ತೆಗೆಯಬೇಕಾಯಿತು. ಹೊಸ ಅಚ್ಚಿನ ಪರಿಕರ ಲಂಡನ್ನಿನಿಂದ ಬರುವುದು ತಡವಾಯಿತು, ಇತ್ತ ಜನರಿಗೆ ಚಿಲ್ಲರೆ ಬೇಕು. ಒಟ್ಟಾವಾದ ಟಂಕಸಾಲೆಯವರು 1948ರಲ್ಲಿಯೂ 1947ರ ಇಸವಿಯಲ್ಲೇ ಮುದ್ರಿಸಿ, ಇಸವಿಯ ಪಕ್ಕದಲ್ಲಿ ಪುಟ್ಟ ಮೇಪಲ್ ಎಲೆಯೊಂದನ್ನು ಸೇರಿಸಿದರು. ಅಂಕಿ 1947 ಎನ್ನುತ್ತದೆ, ಎಲೆ 1948 ಎನ್ನುತ್ತದೆ. ಹೊಸ ಅಚ್ಚು ಬಂದ ಮೇಲೆ ಉಳಿದ ಸಮಯ ಅಲ್ಪ. 1948ರ ಬೆಳ್ಳಿಯ ಡಾಲರು ಮುದ್ರಿತವಾದದ್ದು 18,780 ಮಾತ್ರ. ನಮ್ಮ ಸ್ವಾತಂತ್ರ್ಯದ ಸುದ್ದಿ ದೂರದ ದೇಶದ ಒಂದು ಸೆಂಟಿನ ಮೇಲೆ ಎಲೆಯ ರೂಪದಲ್ಲಿ ಕುಳಿತಿದೆ. ‘ಎಷ್ಟು ಸಿಗುತ್ತದೆ?’ ಎಂದು ಮಾತ್ರ ಕೇಳುವವನಿಗೆ ಅದು ಬರಿಯ ಎಲೆ.

“ಇಷ್ಟೆಲ್ಲ ನೋಡಲು ಈಗ ಯಾರಿಗೆ ಪುರಸೊತ್ತು ಮೇಷ್ಟ್ರೇ?” ಎಂದು ನೀವು ಕೇಳಬಹುದು. ಮೋಸಹೋದ ಮೇಲೆ ಮಾರಿದವನ ಹಿಂದೆ ತಿಂಗಳುಗಟ್ಟಲೆ ಅಲೆಯಲು ಪುರಸೊತ್ತು ಎಲ್ಲಿಂದ ಬರುತ್ತದೆ ಎಂಬುದು ನನ್ನ ಮರುಪ್ರಶ್ನೆ. ಬೆಲೆ ಕೇಳುವುದು ಪಾಪವೆಂದು ನಾನು ಹೇಳುತ್ತಿಲ್ಲ. ಅಪರೂಪದ ವಸ್ತುವಿಗೆ ಬೆಲೆ ಇರುವುದು ಲೋಕದ ನಿಯಮ. ಆದರೆ ಅದು ಕೊನೆಯ ಪ್ರಶ್ನೆಯಾಗಲಿ. ಇದು ಯಾವುದು, ಯಾವುದನ್ನು ಹೋಲುತ್ತದೆ, ಏಕೆ ಹೀಗಿದೆ ಎಂಬ ಮೂರು ಪ್ರಶ್ನೆಗಳು ಮೊದಲು ಬರಲಿ. ತರಗತಿಯಲ್ಲಿ ನಾನು ಲೆಕ್ಕದ ಉತ್ತರಕ್ಕಿಂತ ಮೊದಲು ಕ್ರಮವನ್ನು ಕೇಳುತ್ತಿದ್ದುದು ನಿಮಗೆ ನೆನಪಿರಬೇಕು. ಆಗಲೂ ನೀವು ಗೊಣಗುತ್ತಿದ್ದಿರಿ.

ಆ ಶಿಷ್ಯ ಈಗ ಒಂದು ಭೂತಗನ್ನಡಿ ಕೊಂಡಿದ್ದಾನೆ. ಮೊನ್ನೆ ಕಳುಹಿಸಿದ ಚಿತ್ರದಲ್ಲಿ ಮೂರು ಹಡಗುಗಳು ಸಾಲಾಗಿದ್ದವು: 1968, 1969, 1970. ಕೆಳಗೆ ಒಂದೇ ಸಾಲು: “ಈಗ ಕಾಣುತ್ತಿದೆ ಮೇಷ್ಟ್ರೇ.” ಹೋದ ಹಣ ಮರಳಲಿಲ್ಲ. ನೀವಾದರೂ ಹಣ ಕೊಡುವ ಮೊದಲೇ ನೋಡಿರಿ.

ಎಲ್ಲರಿಗೂ ಶುಭವಾಗಲಿ.