ಇದು ಫೈನಲ್ ಪಂದ್ಯವೇ?

ಮಕ್ಕಳೇ, 2014ರ ಜುಲೈ 13ರಂದು ಬ್ರೆಜಿಲ್‌ನ ಮರಕಾನ ಕ್ರೀಡಾಂಗಣದಲ್ಲಿ ವಿಶ್ವಕಪ್ ಫುಟ್‌ಬಾಲ್ ಫೈನಲ್ ನಡೆಯಿತು. ಜರ್ಮನಿಗೆ ಅರ್ಜೆಂಟೀನಾ ಎದುರಾಳಿ. ಸಾಮಿ ಖೆದಿರಾ ಗಾಯಗೊಂಡಿದ್ದರಿಂದ ಕೊನೇ ಗಳಿಗೆಯಲ್ಲಿ ಜರ್ಮನಿಯ ಪರ ಕಣಕ್ಕಿಳಿದವರು 23 ವರ್ಷದ ಕ್ರಿಸ್ಟೋಫ್ ಕ್ರಾಮರ್.

ಆಟ ಶುರುವಾಗಿ ಕಾಲು ಗಂಟೆ ದಾಟಿತ್ತು. ಎದುರಾಳಿ ಆಟಗಾರನ ಭುಜ ಕ್ರಾಮರ್ ಮುಖಕ್ಕೆ ಜೋರಾಗಿ ಬಡಿಯಿತು. ಬಿದ್ದರು, ಎದ್ದರು, ಮತ್ತೆ ಆಡತೊಡಗಿದರು. ಸ್ವಲ್ಪ ಹೊತ್ತಿನಲ್ಲೇ ರೆಫರಿ ನಿಕೊಲಾ ರಿಝೋಲಿ ಬಳಿ ಬಂದು, ಇದು ಫೈನಲ್ ಪಂದ್ಯವೇ ಎಂದು ಕೇಳಿದರು! ರೆಫರಿ ಮೊದಲು ತಮಾಷೆ ಅಂದುಕೊಂಡರು. ಅಲ್ಲ ಎಂದು ಗೊತ್ತಾದಾಗ ಜರ್ಮನಿಯ ಇನ್ನೊಬ್ಬ ಆಟಗಾರನಿಗೆ ತಿಳಿಸಿದರು. 31ನೇ ನಿಮಿಷದಲ್ಲಿ ಕ್ರಾಮರ್ ಹೊರಬಂದರು. ಜರ್ಮನಿ 1–0ರಿಂದ ಗೆದ್ದಿತು. ಆದರೆ ಮೊದಲರ್ಧದ ಆಟ ತಮಗೆ ನೆನಪೇ ಇಲ್ಲ ಎಂದು ಅವರು ಆಮೇಲೆ ಹೇಳಿದರು.

ಇದಕ್ಕೆ ಕನ್‌ಕಷನ್ ಎನ್ನುತ್ತಾರೆ. ಒಣಗಿದ ತೆಂಗಿನಕಾಯಿ ಅಲುಗಿಸಿದರೆ ಒಳಗಿನ ಕೊಬ್ಬರಿ ಗಿಟುಕು ಲೊಟಲೊಟ ಎನ್ನುತ್ತದಲ್ಲ? ಮೆದುಳು ಅಷ್ಟು ಸಡಿಲವಾಗಿಲ್ಲ, ಅದರ ಸುತ್ತ ದ್ರವವಿದೆ. ಆದರೂ ಜೋರು ಪೆಟ್ಟಿಗೆ ಅದು ಕುಲುಕುತ್ತದೆ, ಅದರ ಕೆಲಸ ಏರುಪೇರಾಗುತ್ತದೆ. ಹೊರಗೆ ರಕ್ತ ಕಾಣಬೇಕೆಂದಿಲ್ಲ. ಸ್ಕ್ಯಾನ್ ಕೂಡ ಸರಿಯಾಗಿಯೇ ಇರಬಹುದು. ತೊಂದರೆಯಾಗಿರುವುದು ಮೆದುಳಿಗೇ ಆದ್ದರಿಂದ, ಆಟಗಾರ "ನಾನು ಚೆನ್ನಾಗಿದ್ದೇನೆ" ಎಂದರೂ ನಂಬುವಂತಿಲ್ಲ!

ಹಾಗಾದರೆ ಮೈದಾನಕ್ಕೆ ಮರಳುವುದು ಹೇಗೆ? ಮೆಟ್ಟಿಲು ಹತ್ತಿದಂತೆ. ಮೊದಲ ಒಂದೆರಡು ದಿನ ವಿಶ್ರಾಂತಿ, ಮನೆಯೊಳಗಿನ ಸಣ್ಣಪುಟ್ಟ ಓಡಾಟ. ಆಮೇಲೆ ನಡಿಗೆ, ಹಗುರ ವ್ಯಾಯಾಮ. ಮುಂದೆ ಓಟ, ಒಬ್ಬರೇ ಚೆಂಡಿನ ಜೊತೆ ಅಭ್ಯಾಸ. ನಂತರ ತಂಡದೊಡನೆ ಅಭ್ಯಾಸ. ಆದರೆ ಡಿಕ್ಕಿಯಿಲ್ಲ, ತಲೆಯಿಂದ ಚೆಂಡು ಹೊಡೆಯುವಂತಿಲ್ಲ. ವೈದ್ಯರು ಒಪ್ಪಿದ ಮೇಲೆ ಪೂರ್ಣ ಅಭ್ಯಾಸ. ಕೊನೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ನಡುವೆ ತಲೆನೋವೋ ತಲೆಸುತ್ತೋ ಜಾಸ್ತಿಯಾದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಮಕ್ಕಳು ಇನ್ನೂ ನಿಧಾನಿಸಬೇಕು: ಮೊದಲು ಪಾಠ, ಆಮೇಲೆ ಆಟ.

ಮೆದುಳು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಬಹಳ ದೊಡ್ಡದು. ಅದಕ್ಕೇ ಈ ತಾಳ್ಮೆ. ಕನ್‌ಕಷನ್ ಆದವರ ಜಾಗಕ್ಕೆ ಹೆಚ್ಚುವರಿ ಬದಲಿ ಆಟಗಾರನನ್ನು ಇಳಿಸಲು 2024ರಲ್ಲಿ ಫುಟ್‌ಬಾಲ್ ನಿಯಮಗಳಲ್ಲೇ ಅವಕಾಶ ಮಾಡಿಕೊಟ್ಟರು. ಹಾಗೆ ಹೊರಹೋದವರು ಆ ಪಂದ್ಯಕ್ಕೆ ಮರಳುವಂತಿಲ್ಲ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಆಟದಲ್ಲಿ ತಲೆಗೆ ಪೆಟ್ಟು ಮಾಡಿಕೊಂಡು ಬಂದರೆ "ಏನೂ ಆಗಿಲ್ಲ, ಏಳು" ಎನ್ನಬೇಡಿ. ವೈದ್ಯರಿಗೆ ತೋರಿಸಿ. ಪದೇಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು, ಫಿಟ್ಸ್, ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮಕ್ಕಳೇ, ಗೆಳೆಯನಿಗೆ ಪೆಟ್ಟು ಬಿದ್ದು ಅವನು ಸ್ಕೋರ್ ಎಷ್ಟೆಂದು ಮತ್ತೆಮತ್ತೆ ಕೇಳುತ್ತಿದ್ದರೆ ನಗಬೇಡಿ. ಆಟ ನಿಲ್ಲಿಸಿ, ದೊಡ್ಡವರನ್ನು ಕರೆಯಿರಿ. ಅಂದು ಫೈನಲ್‌ನಲ್ಲಿ ರೆಫರಿಯೂ ಸುಮ್ಮನಿರದೆ ಇನ್ನೊಬ್ಬರಿಗೆ ತಿಳಿಸಿದ್ದರು.